ಆ ಕೆಂಡದ ಹತ್ರ ಸ್ವಲ್ಪ ಹೊತ್ತು ಕೂರು ತಂಗಿ

ತಂಗಿ, ಟೈಪ್ ಮಾಡೋದಕ್ಕಿಂತ ಮಾತಾಡೋದೇ ವಾಸಿ ಅಂತ ವಾಯ್ಸ್ ಹಾಕ್ತಿದ್ದೀನಿ. ಉದ್ದ ಆಗುತ್ತೆ, ಬಿಡುವಾದಾಗ ಕೇಳಿಸ್ಕೋ. ಅಮ್ಮನ ಕೊನೇ ದಿನಗಳಲ್ಲಿ ಒರಟಾಗಿ ಮಾತಾಡಿಬಿಟ್ಟೆ, ಕ್ಷಮೆ ಕೇಳೋಕೆ ಆಗ್ಲೇ ಇಲ್ಲ, ಎಷ್ಟು ಪ್ರಾರ್ಥನೆ ಮಾಡಿದ್ರೂ ಮನಸ್ಸು ಹಗುರ ಆಗ್ತಿಲ್ಲ, ದೇವರು ನನ್ನನ್ನ ಕ್ಷಮಿಸೇ ಇಲ್ವೇನೋ ಅಂತ ನಮ್ಮ ಗ್ರೂಪಲ್ಲಿ ಕೇಳಿದ್ದೀಯ.

ಕ್ಷಮಿಸಿದ್ದಾನೆ ಕಣಮ್ಮ. ನಮ್ಮ ಪಾಪ ಅರಿಕೆ ಮಾಡಿದ್ರೆ ಕ್ಷಮಿಸೋಕೆ ಆತ ನಂಬಿಗಸ್ತ, ನೀತಿವಂತ ಅಂತ 1 ಯೋಹಾನ 1:9 ಹೇಳುತ್ತಲ್ಲ. ನೀನು ಅರಿಕೆ ಮಾಡಿ ಆಯ್ತು. ಆದ್ರೆ ಅದೇ ಅರಿಕೆಯನ್ನ ದಿನಾ ಮಾಡ್ತೀಯ, ಆತನ ಉತ್ತರ ಕೇಳೋಕೆ ಮಾತ್ರ ಕೂರಲ್ಲ. ವಾಕ್ಯಧ್ಯಾನ, ಅಂದ್ರೆ ಸತ್ಯವೇದದ ಮಾತನ್ನ ನಿಧಾನವಾಗಿ ಓದಿ ಮನಸ್ಸಲ್ಲಿ ಮೆಲುಕು ಹಾಕೋದು, ಬೇಕಾಗೋದು ಅಲ್ಲೇ.

ದಿನಕ್ಕೆ ಇಷ್ಟು ಅಧ್ಯಾಯ ಅಂತ ಓಡ್ಬೇಡ. ಯೋಹಾನನ ಸುವಾರ್ತೆ 21ನೇ ಅಧ್ಯಾಯ ತೆಗಿ. 9ನೇ ವಚನ ಬಂದಾಗ ನಿಲ್ಲಿಸು, ಬಾಯಿಬಿಟ್ಟು ಇನ್ನೊಂದ್ಸಲ ಓದು. ಸತ್ತು ಎದ್ದುಬಂದ ಯೇಸು ಶಿಷ್ಯರಿಗೋಸ್ಕರ ಕಾದಿರೋ ದಡದ ಮೇಲೆ ಕೆಂಡ, ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸುವನ್ನ ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆತನ ಶಿಷ್ಯ ಪೇತ್ರ ಚಳಿ ಕಾಯಿಸ್ಕೊಳ್ತಾ, ನಾನು ಆತನ ಶಿಷ್ಯನಲ್ಲ ಅಂದಿದ್ದೂ ಕೆಂಡದ ಹತ್ರಾನೇ, 18ನೇ ಅಧ್ಯಾಯದಲ್ಲಿದೆ ನೋಡು. ಈಗ ಮತ್ತೆ ಕೆಂಡ ಕಂಡಾಗ ಅವನ ಎದೆ ಹೇಗೆ ಹೊಡ್ಕೊಂಡಿರಬೇಕು! ಯೇಸು ಆ ರಾತ್ರಿಯ ಮಾತನ್ನೇ ಎತ್ತಲ್ಲ. ಬನ್ನಿ, ಊಟ ಮಾಡಿ ಅಂತಾನೆ. ಊಟ ಆದ್ಮೇಲೆ, ನನ್ನನ್ನ ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳ್ತಾನೆ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖ ಆಯ್ತು ಅಂತಾನೂ ಬರೆದಿದೆ, ಅದನ್ನ ಹಾರಿಸಿ ಓದ್ಬೇಡ. ನೋವಾಗುತ್ತೆ. ಆದ್ರೂ ಅದೇ ಪೇತ್ರನ ಕೈಗೇ ಆತ ತನ್ನ ಕುರಿಗಳನ್ನ ಒಪ್ಪಿಸ್ತಾನೆ.

ಓದ್ತಾ ಓದ್ತಾ ಅಮ್ಮನ ಮುಖ ಕಣ್ಮುಂದೆ ಬಂದ್ರೆ ತಳ್ಳಿಹಾಕ್ಬೇಡ, ಅಳು ಬಂದ್ರೆ ಅಳು. ಅಮ್ಮನಿಗೆ ಹೇಳ್ಬೇಕಿದ್ದ ಮಾತನ್ನ ಅಲ್ಲೇ, ಆತನ ಮುಂದೆ ಹೇಳು. ಹೇಳಿ ಸುಮ್ಮನೆ ಕೂರು. ತಕ್ಷಣ ಏನೂ ಅನ್ನಿಸ್ದಿದ್ರೂ ಪರವಾಗಿಲ್ಲ, ಮಾರನೇ ದಿನಾನೂ ಅದೇ ಭಾಗ ಓದು.

ಇನ್ನೊಂದು ಮಾತು. ಯೇಸುವನ್ನ ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟ, ಅದಕ್ಕೆ ಸಿಕ್ಕ 30 ಬೆಳ್ಳಿ ನಾಣ್ಯ ವಾಪಸ್ ತಂದು, ಪಾಪ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಆದ್ರೆ ಹೇಳಿದ್ದು ಯಾರ ಹತ್ರ? ಅದು ನಮಗೇನು ಅಂದ ಯಾಜಕರ ಹತ್ರ. ಆಮೇಲೆ ಒಬ್ಬನೇ ಹೊರಟುಹೋದ. ಪೇತ್ರ ಸ್ನೇಹಿತರ ಜೊತೆಗೇ ಉಳ್ಕೊಂಡ. ಅದಕ್ಕೇ ನೀನು ಗ್ರೂಪಲ್ಲಿ ಬಾಯಿಬಿಟ್ಟು ಕೇಳಿದ್ದು ಎಷ್ಟೋ ಒಳ್ಳೇದಾಯ್ತು. ಸುಮ್ಮನಿದ್ದಾಗ ಎಲುಬುಗಳು ಸವೆದುಹೋದ್ವು ಅಂತ 32ನೇ ಕೀರ್ತನೆಯಲ್ಲಿ ದಾವೀದನೇ ಹೇಳಿಲ್ವಾ.

ಮನಸ್ಸು ಮತ್ತೆ ಚುಚ್ಚುತ್ತೆ, ಚುಚ್ಚಿದಾಗ 1 ಯೋಹಾನ 3:20 ನೆನಪಿಸ್ಕೋ: ನಮ್ಮ ಹೃದಯ ನಮ್ಮನ್ನ ಖಂಡಿಸಿದ್ರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ನಿದ್ದೆ, ಊಟ ಎರಡೂ ಕೆಟ್ಟಿದ್ರೆ ಡಾಕ್ಟರನ್ನೂ ನೋಡು, ಅದು ನಂಬಿಕೆ ಕಮ್ಮಿ ಅಂತಲ್ಲ.

ನಾಳೆ ಸಂಜೆ ಫೋನ್ ಮಾಡ್ತೀನಿ. ಸತ್ಯವೇದ ಪಕ್ಕದಲ್ಲಿಟ್ಕೊಂಡಿರು, ಮೊದಲನೇ ಸಲ ಇಬ್ರೂ ಒಟ್ಟಿಗೇ ಓದೋಣ.