ಪೇಂಟ್‌ಬಾಲ್‌ನಲ್ಲಿ ಆಟಗಾರರ ಮಟ್ಟವನ್ನು ಯಾವುದರಿಂದ ಅಳೆಯಬೇಕು?

ಕಾಡುಹಾದಿ (ಪ್ರಶ್ನೆ)

ಎರಡು ವರ್ಷಗಳಿಂದ ಪೇಂಟ್‌ಬಾಲ್ ಆಡುತ್ತಿದ್ದೇನೆ. ಆಡಿದ್ದೆಲ್ಲ ಮರಗಿಡಗಳ ನಡುವಿನ ವುಡ್ಸ್‌ಬಾಲ್. ಅಂಚು ಹಿಡಿದು ಸದ್ದಿಲ್ಲದೆ ಸಾಗಿ, ಎದುರಾಳಿಯ ಪಕ್ಕಕ್ಕೆ ತಲುಪಿದ ಮೇಲಷ್ಟೇ ಬಣ್ಣದ ಗುಂಡು ಹಾರಿಸುವ ಮಾರ್ಕರ್ ಎತ್ತುವುದು ನನ್ನ ರೂಢಿ. ಇಡೀ ದಿನಕ್ಕೆ ಒಂದು ಹಾಪರ್ (ಮಾರ್ಕರಿಗೆ ಗುಂಡು ತುಂಬುವ ಡಬ್ಬಿ) ಗುಂಡುಗಳೂ ಖರ್ಚಾಗುವುದಿಲ್ಲ. ಈಗ ಗೆಳೆಯರು ಸ್ಪೀಡ್‌ಬಾಲ್ ತಂಡ ಕಟ್ಟುತ್ತಿದ್ದು, ನನ್ನನ್ನೂ ಸೇರಿಸಿಕೊಂಡಿದ್ದಾರೆ. ಮರೆಯಾಗಲು ಗಾಳಿ ತುಂಬಿದ ಬಂಕರುಗಳಿರುವ ಆ ಮೈದಾನದಲ್ಲಿ ಮೊದಲ ದಿನ ಪ್ರತಿ ಸುತ್ತಿನಲ್ಲೂ ಗುಂಡು ತಾಗಿ ನಾನೇ ಮೊದಲು ಹೊರಬಿದ್ದೆ. ನೋಡುತ್ತಿದ್ದ ಹಿರಿಯ ಆಟಗಾರರೊಬ್ಬರು ನನ್ನದು ಹೊಸಬರ ಮಟ್ಟದ ಆಟ ಎಂದರು. ನನ್ನ ಮಟ್ಟವೇ ಕಡಿಮೆಯೋ, ಅಥವಾ ಶೈಲಿ ಮಾತ್ರ ಬೇರೆಯೋ?

ಹಿಂಬಂಕರ್

ಮಟ್ಟ ಬೇರೆ, ಶೈಲಿ ಬೇರೆ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡೊಂದರಲ್ಲಿ 12 ಮಂದಿ ಆಡಿದ ಮೊಟ್ಟಮೊದಲ ಪಂದ್ಯವನ್ನು ಗೆದ್ದ ರಿಚಿ ವೈಟ್ ಒಂದು ಗುಂಡನ್ನೂ ಹಾರಿಸದೆ ಬಾವುಟಗಳನ್ನೆಲ್ಲ ಸಂಗ್ರಹಿಸಿದ್ದರು. ಅವರು ವೃತ್ತಿಯಿಂದ ಅರಣ್ಯ ಕೆಲಸದವರಾಗಿದ್ದರಿಂದ ಕಾಡಿನಲ್ಲಿ ನಡೆಯುವ ಬಗೆ ಅವರಿಗೆ ತಿಳಿದಿತ್ತು. ಆದ್ದರಿಂದ ನಿಧಾನದ ಆಟವನ್ನು ಕೀಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮಟ್ಟವನ್ನು ನಾನು ಅಳೆಯುವುದು ಆಟಗಾರನಿಗೆ ಮೈದಾನ ಎಷ್ಟು ಕಾಣುತ್ತದೆ ಎಂಬುದರಿಂದ. ಹೊಸಬರಿಗೆ ಕಾಣುವುದು ತಮ್ಮತ್ತ ಗುಂಡು ಹಾರಿಸುತ್ತಿರುವ ಒಬ್ಬ ಎದುರಾಳಿ ಮಾತ್ರ. ಅವನನ್ನೇ ದಿಟ್ಟಿಸುತ್ತಾ ಕುಳಿತು, ಇನ್ನೊಂದು ಕಡೆಯಿಂದ ಬಂದವನಿಗೆ ಸಿಕ್ಕಿಬೀಳುತ್ತಾರೆ. ಸ್ವಲ್ಪ ಪಳಗಿದವರು ತಮ್ಮ ಬಂಕರಿಗೆ ಯಾವ ಯಾವ ಕೋನದಿಂದ ಹೊಡೆತ ಬರಬಹುದೆಂದು ಮೊದಲೇ ಬಲ್ಲರು. ನಿಜವಾಗಿ ನುರಿತವರು ಎದುರು ತಂಡದಲ್ಲಿ ಎಷ್ಟು ಜನ ಉಳಿದಿದ್ದಾರೆ, ಎಲ್ಲಿದ್ದಾರೆ ಎಂಬುದನ್ನು ಲೆಕ್ಕವಿಟ್ಟು ಅದನ್ನು ಕೂಗಿ ಹೇಳುತ್ತಾರೆ ಮತ್ತು ಬೇರೆಯವರ ಕೂಗನ್ನು ಕೇಳಿದ ಕೂಡಲೇ ಜಾಗ ಬದಲಿಸುತ್ತಾರೆ. ವರ್ಷಗಟ್ಟಲೆ ಆಡಿಯೂ ಮೈದಾನದಲ್ಲಿ ಬಾಯಿಬಿಡದ ಅನೇಕರನ್ನು ಕಂಡಿದ್ದೇನೆ. ಅವರ ಗುರಿ ಎಷ್ಟೇ ಚೆನ್ನಾಗಿದ್ದರೂ ತಂಡಕ್ಕೆ ಅವರಿಂದ ಸಿಗುವುದು ಅರ್ಧ ಆಟ ಮಾತ್ರ. ನೀವು ಮಾತನಾಡುತ್ತಿದ್ದಿರಾ?

ಸ್ನೇಕ್‌ಬದಿ

ಮೇಲಿನ ಮಾತಿಗೆ ನನ್ನದೊಂದು ತಕರಾರಿದೆ. ಕಣ್ಣು ಚುರುಕಾಗಿದ್ದರೂ ಕೈ ಪಳಗದಿದ್ದರೆ ಸ್ಪೀಡ್‌ಬಾಲ್‌ನಲ್ಲಿ ನಿಲ್ಲಲಾಗದು. ಸುತ್ತು ಶುರುವಾದ ಗಳಿಗೆಯಲ್ಲೇ ಹಿಂದಿನ ಸಾಲಿನವರು ನೀವು ಓಡಿಹೋಗಬೇಕಾದ ದಾರಿಗೆ ಗುಂಡುಗಳ ಲೇನ್ ಹಾಕುತ್ತಾರೆ, ಎಂದರೆ ಆ ದಾರಿಗೆ ಒಂದೇ ಸಮನೆ ಗುಂಡು ಹಾರಿಸುತ್ತಾರೆ. ಮಾರ್ಕರಿನಿಂದ ಹೊರಡುವ ಗುಂಡಿನ ವೇಗದ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ, ಎಂದರೆ ಸುಮಾರು 91 ಮೀಟರ್. 30 ಮೀಟರ್ ದಾಟಲು ಗುಂಡಿಗೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಮಯ ಬೇಕು. ಅದರಿಂದಲೇ ಅವರು ನಿಮ್ಮನ್ನು ನೋಡಿ ಹೊಡೆಯುವುದಿಲ್ಲ, ನೀವು ಬರಲಿರುವ ಜಾಗಕ್ಕೆ ಹೊಡೆಯುತ್ತಾರೆ. ನೀವು ಮೊದಲೇ ಹೊರಬೀಳುತ್ತಿರುವುದಕ್ಕೆ ಬಹುಶಃ ಇದೇ ಕಾರಣ.

ಸ್ನ್ಯಾಪ್ ಶೂಟಿಂಗನ್ನು ಎರಡೂ ಕೈಯಲ್ಲಿ ಅಭ್ಯಾಸ ಮಾಡಿ. ಬಂಕರಿನ ಮರೆಯಿಂದ ಮಾಸ್ಕ್‌ನ ಅಂಚು ಮತ್ತು ಮಾರ್ಕರಿನ ತುದಿ ಮಾತ್ರ ಹೊರಬಂದು, ಒಂದೆರಡು ಗುಂಡು ಹಾರಿ, ಎದುರಾಳಿ ಗುರಿ ಹಿಡಿಯುವಷ್ಟರಲ್ಲಿ ಮೈ ಮತ್ತೆ ಒಳಗಿರಬೇಕು. ಬಲಗೈಯವರು ಬಂಕರಿನ ಎಡಬದಿಯಿಂದ ಬಲಗೈಯಲ್ಲೇ ಹೊಡೆಯಲು ಹೋದರೆ ಅರ್ಧ ದೇಹವೇ ಹೊರಗೆ ಕಾಣುತ್ತದೆ.

ಜಾಗದ ವಿಷಯದಲ್ಲಿ ಮಾತ್ರ ನಿಮ್ಮ ಕಾಡಿನ ರೂಢಿ ವ್ಯರ್ಥವಾಗದು. ನಾನು ಆಡುವ ಸ್ನೇಕ್ ಬದಿಯಲ್ಲಿ ಬಂಕರುಗಳು ನೆಲಮಟ್ಟದಲ್ಲಿದ್ದು, ತೆವಳುವ ತಾಳ್ಮೆ ಇದ್ದವರಷ್ಟೇ ಅಲ್ಲಿ ಮುಂದೆ ಸಾಗಬಲ್ಲರು. ಎತ್ತರದ ತ್ರಿಕೋನ ಬಂಕರುಗಳಿರುವ ಡೊರಿಟೊ ಬದಿಗೆ ನಿಂತು ಓಡುವವರು ಬೇಕು.

ಪಂಪ್‌ಪ್ರಿಯ

ಮಾರ್ಕರ್ ಬದಲಿಸಿದರೆ ಮಟ್ಟ ಏರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಒಂದೊಂದು ಗುಂಡಿಗೂ ಕೈಯಿಂದ ಹಿಂದೆಳೆದು ಹೊಡೆಯುವ ಪಂಪ್ ಮಾರ್ಕರಿನಲ್ಲಿ ಕೆಲವು ದಿನ ಆಡಿದರೆ, ಗುಂಡಿನ ಮಳೆಯ ಆಸರೆ ಇಲ್ಲದೆ ಮುಂದೆ ಸಾಗುವುದು ತಾನಾಗಿ ಬರುತ್ತದೆ.

ಪಂದ್ಯಾವಳಿಗೆ ಹೆಸರು ಕೊಡುವಾಗ ಕೆಳಗಿನ ವಿಭಾಗವನ್ನೇ ಆರಿಸಿಕೊಳ್ಳಿ. ಸ್ಪೀಡ್‌ಬಾಲ್‌ಗೆ ನೀವು ಹೊಸಬರೇ ಆಗಿರುವುದರಿಂದ ಅದರಲ್ಲಿ ತಪ್ಪಿಲ್ಲ. ಮೇಲಿನ ವಿಭಾಗದಲ್ಲಿ ಆಡಬಲ್ಲವರು ಸುಲಭದ ಗೆಲುವಿಗಾಗಿ ಕೆಳಗಿಳಿದು ಹೊಸಬರನ್ನು ಬಗ್ಗುಬಡಿಯುವುದು ಮಾತ್ರ ಅನ್ಯಾಯ. ಮೈಮೇಲೆ ಒಡೆದ ಬಣ್ಣವನ್ನು ಒರೆಸಿಕೊಂಡು ಆಟ ಮುಂದುವರಿಸುವವರನ್ನಂತೂ ನಾನು ಯಾವ ಮಟ್ಟದ ಆಟಗಾರರೆಂದೂ ಎಣಿಸುವುದಿಲ್ಲ.

ಕಾಡುಹಾದಿ

ಎಲ್ಲರಿಗೂ ಧನ್ಯವಾದಗಳು. ನಾನು ಮಾತನಾಡುತ್ತಿರಲಿಲ್ಲ, ಕಾಡಿನಲ್ಲಿ ಸದ್ದು ಮಾಡಿದರೆ ಅಡಗಿದ ಜಾಗ ಗೊತ್ತಾಗುತ್ತದೆಂಬ ಅಭ್ಯಾಸ ಇಲ್ಲಿಗೂ ಬಂದಿತ್ತು. ಮುಂದಿನ ಅಭ್ಯಾಸದಲ್ಲಿ ನನಗೆ ಸ್ನೇಕ್ ಬದಿ ಕೊಡುವಂತೆ ನಾಯಕರನ್ನು ಕೇಳಿದ್ದೇನೆ. ಎಡಗೈಯಲ್ಲಿ ಹಾರಿಸಿದ ಗುಂಡುಗಳು ಸದ್ಯಕ್ಕೆ ಎತ್ತೆತ್ತಲೋ ಹೋಗುತ್ತಿವೆ.