ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದರೆ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ), ಐಡಲ್ ನಿಲ್ಲುತ್ತಿಲ್ಲ: ಐಎಟಿ (ಒಳಬರುವ ಗಾಳಿಯ ತಾಪಮಾನದ) ಸೆನ್ಸರ್ ಕಾರಣ ಇರಬಹುದಾ?

ಬೂಸ್ಟ್_ಬೇಕು:
ಎಲ್ಲರಿಗೂ ನಮಸ್ಕಾರ. 1.6 ಲೀಟರ್ ಪೆಟ್ರೋಲ್ ಎಂಜಿನ್‌ಗೆ ನಾನೇ ಟರ್ಬೊ ಕೂರಿಸಿದ್ದೇನೆ. ಗಾಳಿಯ ತೂಕ ಅಳೆಯುವ ಮಾಫ್ ಸೆನ್ಸರ್ ಕಿತ್ತು, ಸ್ಟ್ಯಾಂಡ್‌ಅಲೋನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿ ಸ್ಪೀಡ್-ಡೆನ್ಸಿಟಿಯಲ್ಲಿ (ಒತ್ತಡ, ತಾಪಮಾನ, ಎಂಜಿನ್ ವೇಗದಿಂದ ಗಾಳಿ ಲೆಕ್ಕ ಹಾಕುವ ವಿಧಾನ) ಓಡಿಸುತ್ತಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ತಕರಾರೂ ಇಲ್ಲ. ಬಿಸಿಯಾದ ಮೇಲೆ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಶುರು ಇದರ ಆಟ. ಐಡಲ್ ಏರಿಳಿಯುತ್ತದೆ, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತದ ಮೀಟರ್) 16ರ ಮೇಲೆ ಹೋಗುತ್ತದೆ, ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಐದು ನಿಮಿಷ ಓಡಿಸಿದರೆ ತಾನಾಗಿಯೇ ಸರಿ. ಕ್ಲೋಸ್ಡ್ ಲೂಪ್ (ಆ ಅನುಪಾತ ನೋಡಿ ಇಸಿಯು ತಾನೇ ಪೆಟ್ರೋಲ್ ಸರಿಪಡಿಸುವುದು) ಆಫ್ ಇಟ್ಟಿದ್ದೇನೆ. ಐಡಲ್ ಸೆಲ್‌ಗಳಲ್ಲಿ ವಿಇ (ಸಿಲಿಂಡರ್ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಅನ್ನುವ ಅಂಕಿ) 8% ಏರಿಸಿ ನೋಡಿದೆ. ಬಿಸಿಯಲ್ಲಿ ಪರವಾಗಿಲ್ಲ, ಆದರೆ ಈಗ ಬೆಳಿಗ್ಗೆ ರಿಚ್ (ಪೆಟ್ರೋಲ್ ಜಾಸ್ತಿ), ಪೆಟ್ರೋಲ್ ವಾಸನೆ.

ಹಳೇ_ಪಿಸ್ಟನ್:
ಫ್ಯೂಯೆಲ್ ರೈಲ್ ಕಾದು ಪೆಟ್ರೋಲ್ ಆವಿ ಆಗುತ್ತಿರಬಹುದು. ಪ್ರೆಷರ್ ನೋಡಿದ್ರಾ?

ಸ್ಪ್ಯಾನರ್_14:
ಅದೂ ಇರಬಹುದು. ಮೊದಲು ಎರಡು ವಿಷಯ ಹೇಳಿ. ಐಎಟಿ ಸೆನ್ಸರ್ ಎಲ್ಲಿ ಕೂರಿಸಿದ್ದೀರಿ? ಆಫ್ ಮಾಡುವಾಗ ಮತ್ತು ಮತ್ತೆ ಸ್ಟಾರ್ಟ್ ಮಾಡುವಾಗ ಲಾಗ್‌ನಲ್ಲಿ ಅದು ಎಷ್ಟು ತೋರಿಸುತ್ತಿದೆ?

ಬೂಸ್ಟ್_ಬೇಕು:
ಪ್ರೆಷರ್ 3 ಬಾರ್, ಅಲುಗಾಡುತ್ತಿಲ್ಲ. ಸೆನ್ಸರ್ ಅಲ್ಯೂಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ನಾಲ್ಕನೇ ರನ್ನರ್ ಪಕ್ಕ. ಹಿತ್ತಾಳೆ ಬಾಡಿ, ತುದಿ ಮುಚ್ಚಿರುವ ಮಾದರಿ. ಆಫ್ ಮಾಡುವಾಗ 41 ಡಿಗ್ರಿ, ಮತ್ತೆ ಸ್ಟಾರ್ಟ್ ಮಾಡುವಾಗ 72, ಐದು ನಿಮಿಷ ಓಡಿದ ಮೇಲೆ 44.

ಸ್ಪ್ಯಾನರ್_14:
ಸಿಕ್ಕಿತು. ನಿಮ್ಮ ಸೆನ್ಸರ್ ಗಾಳಿಯನ್ನು ಅಳೆಯುತ್ತಿಲ್ಲ, ತಾನು ಕೂತಿರುವ ಲೋಹವನ್ನು ಅಳೆಯುತ್ತಿದೆ.

ಲೆಕ್ಕ ಹಾಕಿ ನೋಡಿ. ಒತ್ತಡ ಅಷ್ಟೇ ಇದ್ದರೆ ಗಾಳಿಯ ಸಾಂದ್ರತೆ ಕೆಲ್ವಿನ್ ತಾಪಮಾನಕ್ಕೆ ವಿಲೋಮ, ಅದು ಏರಿದಷ್ಟೂ ಇದು ಇಳಿಯುತ್ತದೆ. ಒಳಗೆ ಬರುವ ಗಾಳಿ 40 ಡಿಗ್ರಿ, ಅಂದರೆ 313 ಕೆಲ್ವಿನ್ ಅಂದುಕೊಳ್ಳೋಣ. ಸೆನ್ಸರ್ ಹೇಳುವುದು 72, ಅಂದರೆ 345. 313ನ್ನು 345ರಿಂದ ಭಾಗಿಸಿದರೆ 0.907. ಗಾಳಿ ತೆಳುವಾಗಿದೆ ಅಂತ ನಂಬಿ ಇಸಿಯು 9% ಪೆಟ್ರೋಲ್ ಕಡಿಮೆ ಮಾಡುತ್ತದೆ. ಗಾಳಿ-ಪೆಟ್ರೋಲ್ ಅನುಪಾತ 14.7 ಇರಬೇಕಾದದ್ದು 16.2 ಆಗುತ್ತದೆ. ನಿಮ್ಮ ವೈಡ್‌ಬ್ಯಾಂಡ್ ಹೇಳುತ್ತಿರುವುದೂ ಅದನ್ನೇ ಅಲ್ವಾ?

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ವಿಇ ಸೆಲ್‌ಗಳನ್ನು ಮೊದಲಿನಂತೆ ಮಾಡಿ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ಸೆನ್ಸರ್ ಬಿಚ್ಚಿ, ಆ ತೂತಿಗೆ ಅದೇ ಥ್ರೆಡ್‌ನ ಬೋಲ್ಟ್ ಬಿಗಿಯಿರಿ. ಕನೆಕ್ಟರ್ ತೆಗೆಯಬೇಡಿ. ಸೆನ್ಸರನ್ನು ಏರ್ ಫಿಲ್ಟರ್ ಹತ್ತಿರ ನೇತುಹಾಕಿ, ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಬರೀ ಐಡಲ್ ಮಾತ್ರ, ಬೂಸ್ಟ್‌ಗೆ (ಟರ್ಬೊ ಒತ್ತಡಕ್ಕೆ) ಹೋಗಬೇಡಿ.

ಲೋಡ್_ಸೆಲ್:
ಇಷ್ಟೆಲ್ಲ ಯಾಕೆ? ಐಎಟಿ ಕರೆಕ್ಷನ್ ಟೇಬಲ್ ಪೂರ್ತಿ ಸೊನ್ನೆ ಮಾಡಿ, ಮುಗೀತು.

ಸ್ಪ್ಯಾನರ್_14:
ಟರ್ಬೊ ಎಂಜಿನ್‌ನಲ್ಲಿ ಈ ಕೆಲಸ ಮಾತ್ರ ಮಾಡಬೇಡಿ. 25 ಡಿಗ್ರಿ ಗಾಳಿಯನ್ನು ಒತ್ತಡ ದುಪ್ಪಟ್ಟಾಗುವಷ್ಟು ಒತ್ತಿದರೆ, 70% ದಕ್ಷತೆಯ ಕಂಪ್ರೆಸರ್‌ನಿಂದ ಹೊರಬರುವಾಗ ಅದು 115 ಡಿಗ್ರಿ ದಾಟಿರುತ್ತದೆ. ಇಂಟರ್‌ಕೂಲರ್ ಅದನ್ನು ಎಷ್ಟು ಇಳಿಸಿತು ಅಂತ ಇಸಿಯುಗೆ ಹೇಳೋರು ಯಾರು? ಮಾಫ್ ಇರುವ ಗಾಡಿಯಲ್ಲಾದರೆ ಗಾಳಿಯ ತೂಕ ನೇರ ಸಿಗುತ್ತದೆ, ಪೆಟ್ರೋಲ್ ಲೆಕ್ಕಕ್ಕೆ ಐಎಟಿ ಅಷ್ಟು ಮುಖ್ಯ ಅಲ್ಲ. ಇಲ್ಲಿ ಆ ಕಥೆ ಇಲ್ಲ.

ಬೂಸ್ಟ್_ಬೇಕು:
ಪರೀಕ್ಷೆ ಮಾಡಿದೆ. ನೇತುಹಾಕಿದ ಸೆನ್ಸರ್ 36 ತೋರಿಸಿತು, ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) 14.3, ಐಡಲ್ ಕದಲಲಿಲ್ಲ! ಮುಂದೇನು?

ಸ್ಪ್ಯಾನರ್_14:
ಸೆನ್ಸರನ್ನು ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್ ಬಾಡಿಗೆ ಮೊದಲು ಬರುವ ಪೈಪ್‌ಗೆ ಸಾಗಿಸಿ. ಟರ್ಬೊಗಿಂತ ಮುಂಚೆ ಬೇಡ, ಅಲ್ಲಿ ಬರೀ ಹೊರಗಿನ ಗಾಳಿ ಕಾಣುತ್ತದೆ. ಹಿತ್ತಾಳೆ ಬಿಟ್ಟು ಪ್ಲಾಸ್ಟಿಕ್ ಬಾಡಿ, ತುದಿ ತೆರೆದಿರುವ ಸೆನ್ಸರ್ ತನ್ನಿ. ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಗ್ರೌಂಡ್ ವೈರ್ ಇಸಿಯುನ ಸೆನ್ಸರ್ ಗ್ರೌಂಡ್‌ಗೇ ಹೋಗಲಿ, ಎಂಜಿನ್ ಬ್ಲಾಕ್‌ಗೆ ಬೇಡ. ಇಲ್ಲದಿದ್ದರೆ ಫ್ಯಾನ್ ಆನ್ ಆದಾಗ ರೀಡಿಂಗ್ ಜಿಗಿಯಬಹುದು.

ಇನ್ನೊಂದು ಮಾತು. ಬಿಸಿ ಮ್ಯಾನಿಫೋಲ್ಡ್ ದಾಟುವಾಗ ಗಾಳಿ ನಿಜವಾಗಲೂ ಸ್ವಲ್ಪ ಕಾಯುತ್ತದೆ, ಐಡಲ್‌ನಲ್ಲಿ ಜಾಸ್ತಿ. 14.7ರ ಬದಲು ಸ್ವಲ್ಪ ರಿಚ್ ಆಗಿ ಬಂದ ನಿಮ್ಮ 14.3 ಅದನ್ನೇ ಹೇಳುತ್ತಿದೆ. ಐಎಟಿ ಮತ್ತು ಕೂಲಂಟ್ ತಾಪಮಾನವನ್ನು ಗಾಳಿಯ ಹರಿವಿಗೆ ತಕ್ಕಂತೆ ಬೆರೆಸುವ ಟೇಬಲ್ ನಿಮ್ಮ ಇಸಿಯುನಲ್ಲಿದ್ದರೆ ಬಳಸಿ. ಹರಿವು ಕಡಿಮೆ ಇದ್ದಾಗ ಕೂಲಂಟ್ ಕಡೆಗೆ ಸ್ವಲ್ಪ, ಜಾಸ್ತಿ ಆದಾಗ ಪೂರ್ತಿ ಐಎಟಿ ಕಡೆಗೆ.

ಬೂಸ್ಟ್_ಬೇಕು:
ಹೊಸ ಸೆನ್ಸರ್ ಕೂರಿಸಿದೆ. ಬಿಸಿ ಸ್ಟಾರ್ಟ್ ಸರಿಯಾಯಿತು. ಆದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್ 20 ತೋರಿಸಿದರೆ ಐಎಟಿ 12 ತೋರಿಸುತ್ತಿದೆ!

ಸ್ಪ್ಯಾನರ್_14:
ಒಳ್ಳೆ ಕಡೆ ಕಣ್ಣು ಹಾಕಿದಿರಿ. ತಣ್ಣಗಿರುವ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಸೆನ್ಸರ್ ಬದಲಾಯಿತು, ರೆಸಿಸ್ಟೆನ್ಸ್ ನೋಡಿ ತಾಪಮಾನ ಹೇಳುವ ಇಸಿಯು ಟೇಬಲ್ ಹಳೆಯದೇ ಉಳಿಯಿತು. ಇವೆಲ್ಲ ಎನ್‌ಟಿಸಿ, ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. 20 ಡಿಗ್ರಿಗೆ ಬಾಷ್ ಮಾದರಿ ಸುಮಾರು 2,500 ಓಮ್, ಜಿಎಂ ಮಾದರಿ ಸುಮಾರು 3,520. ಮಲ್ಟಿಮೀಟರ್ ಹಿಡಿದು ನೋಡಿ.

ಬೂಸ್ಟ್_ಬೇಕು:
3,490 ಬಂತು. ಟೇಬಲ್‌ನಲ್ಲಿ 2,500 ಇತ್ತು! ಬದಲಿಸಿದೆ, ಎರಡೂ 20. ವಿಇ ಮತ್ತೆ ಟ್ಯೂನ್ ಮಾಡಿದೆ, ಈಗ ಬೆಳಿಗ್ಗೆಯೂ ಬಿಸಿಯಲ್ಲೂ 14.5ರಿಂದ 14.9.

ಒಂದೇ ಬೇಜಾರು. ಬೂಸ್ಟ್‌ನಲ್ಲಿ ಮೊದಲಿನಷ್ಟು ಎಳೆತ ಇಲ್ಲ. ಹಿಂದೆ ಫುಲ್ ಥ್ರಾಟಲ್‌ನಲ್ಲಿ ಐಎಟಿ 45 ದಾಟುತ್ತಿರಲಿಲ್ಲ. ಈಗ ಸರಸರ 68ಕ್ಕೆ ಏರಿ ಸ್ಪಾರ್ಕ್ ಟೈಮಿಂಗ್ 3 ಡಿಗ್ರಿ ಹಿಂದೆ ಬರುತ್ತಿದೆ. ಹೀಗೆ ಹಿಂದೆ ತರುವ ರಿಟಾರ್ಡ್ ಟೇಬಲ್ ಕಡಿಮೆ ಮಾಡಲಾ?

ಸ್ಪ್ಯಾನರ್_14:
ಬೇಡ. ಗಾಳಿ ಹಿಂದೆಯೂ 68ರ ಆಸುಪಾಸೇ ಇತ್ತು. ಹಿತ್ತಾಳೆ ಸೆನ್ಸರ್ ಏಳುವಷ್ಟರಲ್ಲಿ ನೀವು ಥ್ರಾಟಲ್ ಬಿಟ್ಟಿರುತ್ತಿದ್ದಿರಿ, ಅಷ್ಟೇ. ಇಷ್ಟು ದಿನ ನಾಕ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿ ಬಡಿಯುವುದು) ಆಗದೆ ಉಳಿದದ್ದು ನಿಮ್ಮ ಪುಣ್ಯ. ಇಂಟರ್‌ಕೂಲರ್ ಮುಂದೆ ಗಾಳಿ ಪಕ್ಕದಿಂದ ತಪ್ಪಿಸಿಕೊಂಡು ಹೋಗುತ್ತಿದೆಯಾ ನೋಡಿ. ಸಂದಿಗಳನ್ನು ಫೋಮ್ ಹಾಕಿ ಮುಚ್ಚಿ, ಅದೇ ಓಟದ ಲಾಗ್ ಇನ್ನೊಮ್ಮೆ ಹಾಕಿ.