ಗುಳೇದಗುಡ್ಡದಿಂದ ಶಹಾಪುರಕ್ಕೆ: ಅಜ್ಜನ ಮುತ್ತಜ್ಜ ಯಾವಾಗ ಬಂದ?

ಶಹಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಶಹಾಪುರದವಳು, ನಮ್ಮದು ನೇಕಾರರ ಮನೆ. ಹೋದ ತಿಂಗಳು ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಕಟ್ಟಿಗೆಯ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಹಿತ್ತಾಳೆ ತಂಬಿಗೆ, ತುದಿ ಮುರಿದ ಲಾಳಿ, ಕೆಂಪು ಅರಿವೆಯಲ್ಲಿ ಸುತ್ತಿದ ಉದ್ದನೆಯ ಲೆಕ್ಕದ ವಹಿ.

ವಹಿ ನಮ್ಮ ಅಜ್ಜನ ಮುತ್ತಜ್ಜನದು. ಮೊದಲ ಹಾಳೆಗಳು ಕನ್ನಡದಲ್ಲಿವೆ. ಮೇಲೆ ‘ಶಕ 1798 ಧಾತು ಸಂವತ್ಸರ’ ಅಂತಿದೆ. ನೂಲು ತಂದದ್ದು, ಖಣ (ಕುಪ್ಪಸದ ಬಟ್ಟೆ) ಕೊಟ್ಟದ್ದು, ಬಾಕಿ ಎಷ್ಟು, ಇದೇ ಲೆಕ್ಕ. ಶ್ರಾವಣದಲ್ಲಿ ಹಾಳೆ ತುಂಬ ಬರೆದಿದ್ದಾನೆ. ಭಾದ್ರಪದದಲ್ಲಿ ಎರಡೇ ಸಾಲು. ಆಶ್ವೀಜದಲ್ಲಿ ಖಣದ ಮಾತೇ ಇಲ್ಲ. ಕಾರ್ತಿಕದಲ್ಲಿ ಬರೀ ಮಾರಿದ್ದು: ಹಂಡೆ, ಕೊಡ, ಬುಗುಡಿ.

ಆಮೇಲೆ ಒಂದು ಹಾಳೆಯಲ್ಲಿ ಊರುಗಳು, ಒಂದರ ಕೆಳಗೆ ಒಂದು. ಬಾಗಲಕೋಟೆ, ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ. ಪ್ರತಿ ಊರಿನ ಮುಂದೆ ಕೊಂಡ ಜೋಳ ಎಷ್ಟು, ಉಣ್ಣುವವರು ಎಷ್ಟು ಜನ. ಕಲಾದಗಿಯ ಮುಂದೆ ‘ಜನ 4’. ನೇಸರಗಿಯ ಮುಂದೆ ‘ಜನ 3’. ಹೋದವರು ಯಾರು ಅಂತ ಬರೆದಿಲ್ಲ. ಆ ಹಾಳೆ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ಹಾಳೆ ಖಾಲಿ. ಅಲ್ಲಿಂದಾಚೆ ಎಲ್ಲ ಮೋಡಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ನನಗೆ ಓದಲು ಬರುವುದಿಲ್ಲ.

ಮನೆಯಲ್ಲಿ ಹೇಳುವ ಕಥೆ ಬೇರೆ. ಆತ ವ್ಯಾಪಾರಕ್ಕೆಂದು ರೈಲು ಹತ್ತಿ ಬಂದು ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದನಂತೆ. ಯಾವುದು ನಿಜ? ನಮ್ಮ ಅಡ್ಡಹೆಸರು ಗುಳೇದಗುಡ್ಡ. ಎರಡು ಸಲ ಆ ಊರಿಗೆ ಹೋಗಿ ಬಂದೆ, ಆ ಅಡ್ಡಹೆಸರಿನ ಒಂದು ಮನೆಯೂ ಸಿಗಲಿಲ್ಲ. ಒಂದು ಕಚೇರಿಯಲ್ಲಿ ಹಳೆಯ ಉತಾರ (ಜಮೀನಿನ ದಾಖಲೆ) ಕೇಳಿದೆ, ಅಷ್ಟು ಹಿಂದಿನದು ಇಲ್ಲ ಅಂದರು. ಇನ್ನು ಎಲ್ಲಿ ಹುಡುಕಲಿ?

ಬಾಗಲಕೋಟೆ ಮಾಸ್ತರ

ತಂಗಿ, ವಹಿಯನ್ನೇ ನಂಬು. ಶಕಕ್ಕೆ 78 ಕೂಡಿಸಿದರೆ 1876. ಧಾತು ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ, 1816ರಲ್ಲೂ ಇತ್ತು, 1936ರಲ್ಲೂ ಇತ್ತು. ನಿನ್ನ ಪುಣ್ಯಕ್ಕೆ ಆತ ಶಕದ ಅಂಕಿಯನ್ನೂ ಬರೆದಿಟ್ಟಿದ್ದಾನೆ. ಅಂದರೆ ಆತ ಹೊರಟದ್ದು 1876ರ ದೀಪಾವಳಿಯ ಆಸುಪಾಸಿನಲ್ಲಿ, ದೊಡ್ಡ ಬರದ ಹೊತ್ತಿಗೆ. ಬೆಳಗಾವಿಗೆ ರೈಲು ಬಂದದ್ದೇ 1880ರ ದಶಕದ ಕೊನೆಗೆ. ಆತ ನಡೆದೇ ಬಂದಿರಬೇಕು. ರೈಲಿನ ಕಥೆ ಆತನ ಮಗನದೋ ಮೊಮ್ಮಗನದೋ ಇರಬಹುದು, ಮನೆಯ ಕಥೆಗಳಲ್ಲಿ ಹೀಗೆ ಒಬ್ಬರದು ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ.

ಆ ವರ್ಷ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಆಗ ಗುಳೇದಗುಡ್ಡ ಕಲಾದಗಿ ಜಿಲ್ಲೆಯಲ್ಲಿತ್ತು. 1872ರಲ್ಲಿ ಜಿಲ್ಲೆಯ ಜನ 8 ಲಕ್ಷಕ್ಕೂ ಜಾಸ್ತಿ. 1881ರ ಎಣಿಕೆಯಲ್ಲಿ 6 ಲಕ್ಷ 38 ಸಾವಿರ. ಸತ್ತವರು, ಗುಳೆ ಹೋದವರು ಎಲ್ಲ ಆ ವ್ಯತ್ಯಾಸದಲ್ಲೇ ಇದ್ದಾರೆ. ನೇಕಾರನಿಗೆ ಹೊಟ್ಟೆ ಕಟ್ಟಿದ್ದು ಇನ್ನೂ ಮೊದಲು. ಉಣ್ಣಲು ಇಲ್ಲದವರು ಖಣ ಎಲ್ಲಿಂದ ಕೊಂಡಾರು? ನಿನ್ನ ವಹಿಯಲ್ಲಿ ಭಾದ್ರಪದಕ್ಕೇ ಲೆಕ್ಕ ತೆಳ್ಳಗಾಗಿದೆ, ನೋಡು.

ಉತಾರ ಹುಡುಕುವುದು ಬಿಡು, ಅದು ಹೊಲ ಇದ್ದವರಿಗೆ. ಇನ್ನೊಂದು ಮಾತು. ಶಹಾಪುರ ಆಗ ಇಂಗ್ಲಿಷರ ಬೆಳಗಾವಿಗೆ ಸೇರಿರಲಿಲ್ಲ, 1948ರವರೆಗೂ ಸಾಂಗ್ಲಿ ಸಂಸ್ಥಾನದ್ದು. ಮನೆ ಪಟ್ಟಿ, ತೆರಿಗೆ ಕಾಗದ ಏನಿದ್ದರೂ ಆ ಸಂಸ್ಥಾನದ ದಫ್ತರದಲ್ಲಿ ಕೇಳಬೇಕು. ವಹಿ ಮೋಡಿಗೆ ತಿರುಗಿದ್ದೂ ಶಹಾಪುರದ ಮರಾಠಿ ಸಾವಕಾರರ ಜೊತೆ ವ್ಯವಹಾರ ಶುರುವಾದ ಮೇಲೆಯೇ ಅಂತ ನನಗನ್ನಿಸುತ್ತದೆ.

ಇಳಕಲ್ಲಿನ ಅಕ್ಕ

ಗುಳೇದಗುಡ್ಡದಲ್ಲಿ ಗುಳೇದಗುಡ್ಡ ಅನ್ನೋ ಅಡ್ಡಹೆಸರು ಹೇಗೆ ಸಿಗಬೇಕು ತಂಗಿ? ಅದು ಊರು ಬಿಟ್ಟವರಿಗೆ ಹೊಸ ಊರಿನವರು ಇಟ್ಟ ಹೆಸರು. ಅಲ್ಲಿದ್ದಾಗ ಬೇರೆಯೇ ಇರಬೇಕು. ಮೊದಲು ಅದನ್ನು ಹುಡುಕು. ಮನೆ ದೇವರು ಬನಶಂಕರಿ ಅಂತ ಹೇಳಬೇಡ, ನಮ್ಮ ಕಡೆ ನೇಕಾರರಲ್ಲಿ ಬಹಳ ಮನೆಗಳಿಗೆ ಆಕೆಯೇ ದೇವರು, ಅದರಿಂದ ಹುಡುಕಾಟ ಸಣ್ಣದಾಗುವುದಿಲ್ಲ.

ತಂಬಿಗೆಯ ತಳ, ಕಂಠ ಎರಡೂ ನೋಡು. ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುತ್ತಿದ್ದರು. ನಿಮ್ಮ ಮನೆತನಕ್ಕೆ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳು. ಬರುತ್ತಿದ್ದರೆ ನಿನ್ನ ಅರ್ಧ ಕೆಲಸ ಮುಗಿದ ಹಾಗೆ. ತಲೆಮಾರಿನ ಹೆಸರುಗಳನ್ನು ಅವರು ಹಾಡಿದಂತೆ ಹೇಳುತ್ತಾರೆ, ಯಾರು ಯಾವ ಊರಿಗೆ ಹೋದರು ಅನ್ನುವುದೂ ಅವರ ಹೊತ್ತಗೆಯಲ್ಲಿ ಇರುತ್ತದೆ.

ಮೋಡಿ ಓದುವವ

ಖಾಲಿ ಹಾಳೆಯ ನಂತರದ ಮೊದಲ ನಾಲ್ಕು ಪುಟದ ಫೋಟೋ ಹಾಕಿ. ಹಗಲು ಬೆಳಕಲ್ಲಿ ತೆಗೆಯಿರಿ, ಹಾಳೆ ಒತ್ತಿ ಚಪ್ಪಟೆ ಮಾಡಬೇಡಿ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಒಳಗೇ ಕಾಗದ ಹಾಳಾಗುತ್ತದೆ.

ಶಹಾಪುರದ ಮಗಳು

ಮಾಸ್ತರ, ಅಕ್ಕಾ, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ತಂಬಿಗೆ ತೊಳೆದು ಬ್ಯಾಟರಿ ಹಿಡಿದು ನೋಡಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದಿದ್ದಾರೆ. ವರ್ಷಾನುಗಟ್ಟಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಅರ್ಧ ಸವೆದುಹೋಗಿದೆ. ‘ಉಂ’ ಅಂತ ಸ್ಪಷ್ಟ ಇದೆ, ಮುಂದಿನ ಅಕ್ಷರಕ್ಕೆ ಗುಡಿಸು ಇದ್ದ ಹಾಗಿದೆ. ಉಂಕಿ ಇರಬಹುದಾ? ಹಾಗಂದರೆ ಮಗ್ಗದ ಹಾಸು ಅಲ್ವಾ!

ನಮ್ಮ ದೊಡ್ಡ ಆಯಿಯನ್ನು ಕೇಳಿದೆ, ಆಕೆಗೆ 91. ಹೆಳವರು ಎತ್ತಿನ ಮೇಲೆ ಬರುತ್ತಿದ್ದರು, ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು ಅಂತ ನೆನಪಿದೆ ಆಕೆಗೆ. ಆಕೆಯ ಅತ್ತೆ ಹೇಳಿದ ಒಂದು ಮಾತನ್ನೂ ಹೇಳಿದಳು. ಆತ ಲಾಳಿ, ನೇಯುವಾಗ ನೂಲು ಒತ್ತುವ ಹಣಗಿ ಎರಡನ್ನೂ ಹೆಗಲ ಗಂಟಿನಲ್ಲಿ ಹೊತ್ತು ತಂದನಂತೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಡುವ ಕುಣಿ ಮಾತ್ರ ಅಲ್ಲೇ ಬಿಟ್ಟೆ, ಅದನ್ನು ಹೊರಲು ಬರಲಿಲ್ಲ ಅನ್ನುತ್ತಿದ್ದನಂತೆ.

ಬನದ ಹುಣ್ಣಿಮೆಗೆ ಬಾದಾಮಿಗೆ ಹೋಗುವವರಿದ್ದೇವೆ. ಅಲ್ಲಿಂದ ಗುಳೇದಗುಡ್ಡ ದೂರ ಏನಿಲ್ಲ. ಈ ಸಲ ಉಂಕಿ ಅನ್ನುವ ಮನೆ ಕೇಳುತ್ತೇನೆ. ಮೋಡಿ ಪುಟದ ಫೋಟೋ ನಾಳೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹಾಕುತ್ತೇನೆ.